ಓದುಗರ ಪ್ರಶ್ನೆ: ಬರೋಕ್ ಗಾಯನವನ್ನು ಇಂದು ಹಾಡುವುದು ಹೇಗೆ?

ಬರೋಕ್ ಎಂದು ಕರೆಯುವ, ಸುಮಾರು 1600ರಿಂದ 1750ರವರೆಗಿನ ಯುರೋಪಿನ ಗಾಯನಕೃತಿಗಳನ್ನು ಇಂದಿನ ಶ್ರೋತೃಗಳ ಮುಂದೆ ಹೇಗೆ ಹಾಡಬೇಕು ಎಂಬ ಬಗ್ಗೆ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಯೇಸುಕ್ರಿಸ್ತನನ್ನು ಕುರಿತ ಹ್ಯಾಂಡೆಲನ ದೊಡ್ಡ ಗಾಯನಕೃತಿ ‘ಮೆಸಾಯ’ವನ್ನು ನೂರಕ್ಕೂ ಹೆಚ್ಚು ಮಂದಿಯ ಕ್ವಾಯರ್ (ಗಾಯಕವೃಂದ) ಹಾಡಿದ್ದನ್ನು ಕೇಳಿ ಮೈಮರೆತಿದ್ದೆ. ಈಚೆಗೆ ಇಪ್ಪತ್ತು ಮಂದಿ ಹಾಡಿದ ಧ್ವನಿಮುದ್ರಿಕೆಯನ್ನು ಕೇಳಿದಾಗ ಅದೇ ಕೃತಿ ತೀರ ತೆಳುವಾಗಿಯೂ ಅವಸರದ್ದಾಗಿಯೂ ತೋರಿತು. ಎರಡರಲ್ಲಿ ಸರಿಯಾದದ್ದು ಯಾವುದು? (ಬೆಂಗಳೂರಿನ ಓದುಗರು)

ಹ್ಯಾಂಡೆಲ್ ಸ್ವತಃ ಕೇಳಿದ್ದು ನಿಮಗೆ ತೆಳುವೆನಿಸಿದ ಬಗೆಯನ್ನೇ. 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ ಮೊದಲ ಪ್ರಯೋಗವಾದಾಗ ಹಾಡಿದವರು ಅಲ್ಲಿನ ಎರಡು ಕ್ಯಾಥೆಡ್ರಲ್‌ಗಳಿಂದ ಬಂದ ಸಣ್ಣ ತಂಡದವರು. ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯಲ್ಲಿ 1754ರಲ್ಲಿ ನಡೆದ ಪ್ರಯೋಗದ ಖರ್ಚಿನ ಲೆಕ್ಕ ಉಳಿದುಬಂದಿದ್ದು, ಅದರ ಪ್ರಕಾರ ವೃಂದದಲ್ಲಿ ಇದ್ದವರು ಇಪ್ಪತ್ತರ ಆಸುಪಾಸು, ವಾದ್ಯಗಾರರು ಅವರಿಗಿಂತ ಹೆಚ್ಚು. ಹ್ಯಾಂಡೆಲ್ ತೀರಿಕೊಂಡ ಮೇಲೆ ಸಂಖ್ಯೆ ಬೆಳೆಯುತ್ತ ಹೋಯಿತು: 1784ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿ ನಡೆದ ಸ್ಮರಣೋತ್ಸವಕ್ಕೆ ಗಾಯಕರು, ವಾದಕರು ಸೇರಿ ಐನೂರಕ್ಕೂ ಮಿಕ್ಕು ಕಲಾವಿದರು ಸೇರಿದರು, 1859ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಹಾಡುವವರೇ ಎರಡು ಸಾವಿರ ದಾಟಿದರು. ನೀವು ಕೇಳಿ ಮೈಮರೆತದ್ದು ಈ ಹತ್ತೊಂಬತ್ತನೆಯ ಶತಮಾನದ ಪರಂಪರೆಯ ಮುಂದುವರಿಕೆ. ಅದಕ್ಕೆ ಆಗಲೇ ಆಕ್ಷೇಪಗಳೂ ಇದ್ದವು. ಸಂಗೀತ ವಿಮರ್ಶಕನಾಗಿದ್ದ ಬರ್ನಾರ್ಡ್ ಷಾ, ಇಪ್ಪತ್ತು ಮಂದಿ ಸಮರ್ಥ ಗಾಯಕರನ್ನು ಇಟ್ಟುಕೊಂಡು ಚೆನ್ನಾಗಿ ಅಭ್ಯಾಸ ಮಾಡಿ ಯಾರಾದರೂ ಇದನ್ನು ಹಾಡಬಾರದೇ ಎಂದು 1891ರಲ್ಲಿಯೇ ಕೇಳಿದ್ದ.

ಆದರೆ ಹಿಂದೆ ಹಾಗಿತ್ತು ಎಂಬುದೊಂದೇ ಕಾರಣಕ್ಕೆ ನಾನು ಸಣ್ಣ ವೃಂದದ ಪರವಾಗಿಲ್ಲ. ‘ನಮಗೊಂದು ಮಗು ಹುಟ್ಟಿದೆ’ ಎಂಬರ್ಥದ ಪ್ರಸಿದ್ಧ ವೃಂದಗೀತವನ್ನೇ ತೆಗೆದುಕೊಳ್ಳಿ. ಅದರ ಸಂಗೀತವನ್ನು ಹ್ಯಾಂಡೆಲ್ ಕೆಲವೇ ವಾರಗಳ ಹಿಂದೆ, ಅದೇ 1741ರ ಬೇಸಿಗೆಯಲ್ಲಿ, ತಾನೇ ರಚಿಸಿದ್ದ ಒಂದು ಇಟಾಲಿಯನ್ ಪ್ರೇಮಗೀತದಿಂದ ಎತ್ತಿಕೊಂಡ. ಆ ಗೀತ ಇದ್ದದ್ದು ಎರಡು ಸೊಪ್ರಾನೊ, ಅಂದರೆ ಎತ್ತರದ, ಕಂಠಗಳಿಗೆ. ಒಂದೇ ಅಕ್ಷರದ ಮೇಲೆ ಹತ್ತಾರು ಸ್ವರಗಳು ಓಡುವ ಆ ಸಾಲುಗಳು ಹಗುರವಾಗಿ ತಿರುಗಬಲ್ಲ ಒಂಟಿ ಕಂಠಕ್ಕಾಗಿ ಹುಟ್ಟಿದವು. ನೂರು ಮಂದಿ ಅವನ್ನು ಹಾಡುವಾಗ, ಎಷ್ಟೇ ತರಬೇತಿ ಇದ್ದರೂ, ಒಂದೊಂದು ಸ್ವರದ ಅಂಚೂ ಮಸುಕಾಗುತ್ತದೆ. ಮಸುಕಾಗದಿರಲೆಂದು ನಿರ್ದೇಶಕರು ವೇಗವನ್ನು ಇಳಿಸುತ್ತಾರೆ. ವೇಗ ಇಳಿದರೆ ಗೀತದ ಉಲ್ಲಾಸವೂ ಇಳಿಯುತ್ತದೆ. ನಿಮಗೆ ಅವಸರವೆನಿಸಿದ್ದು ಬಹುಶಃ ಇದೇ ಉಲ್ಲಾಸ. ಆ ಧ್ವನಿಮುದ್ರಿಕೆಯನ್ನು ಸಾಹಿತ್ಯ ಕೈಯಲ್ಲಿ ಹಿಡಿದು ಇನ್ನೊಮ್ಮೆ ಕೇಳಿ ನೋಡಿ. ಹಾಗೆಂದು ಊರಿನವರೆಲ್ಲ ಸೇರಿ ಹಾಡುವ ದೊಡ್ಡ ‘ಮೆಸಾಯ’ ಬೇಡವೆಂದಲ್ಲ, ಅದರಲ್ಲಿ ಹಾಡುವವರಿಗೆ ಸಿಗುವ ಸಂತೋಷವೇ ಬೇರೆ. ಕೇಳುಗರ ಪಾಲಿಗೆ ಮಾತ್ರ ಸಣ್ಣ ವೃಂದ ಮೇಲು.

ಪ್ರಶ್ನೆ: ಬಾಖ್‌ನ ಕೃತಿಗಳಿಗೂ ಇದೇ ಮಾತು ಅನ್ವಯಿಸುತ್ತದೆಯೇ? (ಶಿವಮೊಗ್ಗದ ಓದುಗರು)

ಅಲ್ಲಿ ವಾದ ಇನ್ನೂ ಮುಗಿದಿಲ್ಲ. 1730ರ ಆಗಸ್ಟ್ 23ರಂದು ಜರ್ಮನಿಯ ಲೈಪ್‌ಸಿಗ್‌ನಲ್ಲಿ ಚರ್ಚ್ ಸಂಗೀತದ ನಿರ್ದೇಶಕನಾಗಿದ್ದ ಬಾಖ್ ಅಲ್ಲಿನ ನಗರಸಭೆಗೆ ಬರೆದ ಅಹವಾಲಿನಲ್ಲಿ ಪ್ರತಿಯೊಂದು ವೃಂದಕ್ಕೂ ಕಡಿಮೆಯೆಂದರೆ ಹನ್ನೆರಡು ಮಂದಿ ಬೇಕು, ಹದಿನಾರಾದರೆ ಇನ್ನೂ ಒಳ್ಳೆಯದು ಎಂದಿದ್ದಾನೆ. ಅವರೆಲ್ಲ ಒಟ್ಟಿಗೆ ಹಾಡುತ್ತಿದ್ದರೇ, ಅಥವಾ ಕಾಯಿಲೆ ಬಿದ್ದವರನ್ನೂ ಲೆಕ್ಕ ಹಿಡಿದು ಕೇಳಿದ ಸಂಖ್ಯೆಯೇ ಇದು? ಸಾಮಾನ್ಯವಾಗಿ ವೃಂದದ ಒಂದೊಂದು ಕಂಠಭಾಗಕ್ಕೆ ಒಬ್ಬನೇ ಗಾಯಕನಿದ್ದ ಎಂದು ಅಮೆರಿಕದ ಸಂಗೀತ ವಿದ್ವಾಂಸ ಜೋಶುವಾ ರಿಫ್ಕಿನ್ 1981ರಲ್ಲಿ ಮಂಡಿಸಿದ ವಾದ ದೊಡ್ಡ ಗದ್ದಲವನ್ನೇ ಎಬ್ಬಿಸಿತು. ಒಪ್ಪದವರು ಈಗಲೂ ಇದ್ದಾರೆ. ಒಪ್ಪಲಿ ಬಿಡಲಿ, ಎಂಬತ್ತು ಮಂದಿಯ ಬಾಖ್ ಈಗ ವಿರಳವಾಗಿದೆ.

ಪ್ರಶ್ನೆ: ಬರೋಕ್ ಧ್ವನಿಮುದ್ರಿಕೆಗಳ ಶ್ರುತಿ ನಮ್ಮ ಮನೆಯ ಕೀಬೋರ್ಡಿಗೆ ಹೊಂದುವುದಿಲ್ಲ, ಅರ್ಧ ಸ್ವರ ಕೆಳಗಿರುತ್ತದೆ. ಯಾಕೆ? (ಹುಬ್ಬಳ್ಳಿಯ ಓದುಗರು)

ಇಂದಿನ ಪಾಶ್ಚಾತ್ಯ ವಾದ್ಯಗಳಲ್ಲಿ ‘ಎ’ ಸ್ವರವನ್ನು 440 ಹರ್ಟ್ಸ್‌ಗೆ ನಿಲ್ಲಿಸುತ್ತಾರೆ. ಬರೋಕ್ ಕಾಲದಲ್ಲಿ ಹೀಗೊಂದು ನಿಗದಿ ಇರಲಿಲ್ಲ, ಊರಿಂದ ಊರಿಗೆ ಶ್ರುತಿ ಬದಲಾಗುತ್ತಿತ್ತು. ಲೈಪ್‌ಸಿಗ್‌ನ ಚರ್ಚಿನಲ್ಲಂತೂ ಆರ್ಗನ್ನಿನದು ಎತ್ತರದ ಶ್ರುತಿ, ಉಳಿದ ವಾದ್ಯಗಳದ್ದು ಅದಕ್ಕಿಂತ ತಗ್ಗಿನದು. ಆದ್ದರಿಂದ ಆರ್ಗನ್ ನುಡಿಸುವವನ ಪ್ರತಿಯನ್ನು ಒಂದು ಪೂರ್ಣ ಸ್ವರದಷ್ಟು ಇಳಿಸಿ ಬರೆಯಬೇಕಾಗುತ್ತಿತ್ತು. ಬರೋಕ್ ಧ್ವನಿಮುದ್ರಿಕೆಗಳಲ್ಲಿ ಈಗ ಬಳಕೆಯಲ್ಲಿರುವ 415 ಹರ್ಟ್ಸ್, ಅಂದರೆ ಅರ್ಧ ಸ್ವರ ಕೆಳಗಿನ ‘ಎ’, ಎಂಬುದು ಇಪ್ಪತ್ತನೆಯ ಶತಮಾನದವರು ಮಾಡಿಕೊಂಡ ಒಂದು ಅನುಕೂಲದ ಒಪ್ಪಂದ. ಆದರೂ ಅದರಿಂದ ಲಾಭವಿದೆ: ಸೊಪ್ರಾನೊಗಳು ತಾರಸ್ಥಾಯಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಕಡೆ ಅರ್ಧ ಸ್ವರ ಇಳಿದರೆ ಸಾಕು, ಕಂಠ ಬಿಗಿಯುವುದಿಲ್ಲ, ಮಾತು ಸ್ಪಷ್ಟವಾಗಿ ಕೇಳುತ್ತದೆ.

ಪ್ರಶ್ನೆ: ಯೇಸುವಿನ ಯಾತನೆ, ಮರಣಗಳ ಕಥೆ ಹೇಳುವ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಹೆಚ್ಚುಕಡಿಮೆ ಮೂರು ಗಂಟೆಯ ಕೃತಿ, ಭಾಷೆ ಜರ್ಮನ್. ಕ್ರೈಸ್ತರಲ್ಲದ, ಜರ್ಮನ್ ಬಾರದ ಇಂದಿನ ಶ್ರೋತೃಗಳಿಗಾಗಿ ಅದನ್ನು ಕತ್ತರಿಸಿ, ಅನುವಾದಿಸಿ ಹಾಡಿದರೆ ತಪ್ಪೇನು? (ಮೈಸೂರಿನ ಓದುಗರು)

ಕತ್ತರಿಸಿದವರಲ್ಲಿ ದೊಡ್ಡವರೇ ಇದ್ದಾರೆ. 1829ರ ಮಾರ್ಚ್ 11ರಂದು ಬರ್ಲಿನ್‌ನಲ್ಲಿ ಇಪ್ಪತ್ತು ವರ್ಷದ ಸಂಗೀತಕಾರ ಮೆಂಡೆಲ್‌ಸನ್ ಈ ಕೃತಿಗೆ ಮರುಜೀವ ಕೊಟ್ಟದ್ದು ಹಲವು ಏಕಗೀತಗಳನ್ನು ಕೈಬಿಟ್ಟೇ. ಅನುವಾದಿಸಿದವರೂ ಇದ್ದಾರೆ, ಇಂಗ್ಲೆಂಡಿನಲ್ಲಿ ಸಂಗೀತಕಾರ ರಾಲ್ಫ್ ವಾನ್ ವಿಲಿಯಮ್ಸ್ ವರ್ಷಗಟ್ಟಲೆ ಇದನ್ನು ಇಂಗ್ಲಿಷಿನಲ್ಲೇ ಹಾಡಿಸಿದ.

ಆದರೆ ಶ್ರೋತೃವಿಗೆ ನಿಜವಾದ ತೊಡಕು ಕೃತಿಯ ಉದ್ದದಿಂದಲ್ಲ. ಶುಭ ಶುಕ್ರವಾರದಂದು ಲೈಪ್‌ಸಿಗ್‌ನ ಸೇಂಟ್ ಥಾಮಸ್ ಚರ್ಚಿಗೆ ಬಂದವರು ಇದರ ಎರಡು ಭಾಗಗಳ ನಡುವೆ ಪ್ರವಚನವನ್ನೂ ಕೇಳಬೇಕಿತ್ತು, ಅಂದರೆ ಇನ್ನೂ ಹೆಚ್ಚು ಹೊತ್ತು ಕೂರುತ್ತಿದ್ದರು. ಆದರೆ ನಡುನಡುವೆ ಬರುವ ಸ್ತೋತ್ರಗಳ ಪದವೂ ಧಾಟಿಯೂ ಅವರಿಗೆ ಬಾಲ್ಯದಿಂದ ಬಾಯಿಪಾಠವಾಗಿದ್ದವು. ಬಾಖ್ ಕಟ್ಟಿರುವುದು ಆ ನೆನಪಿನ ಮೇಲೆ. ಕಡೆಯ ಭೋಜನದಲ್ಲಿ ‘ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನು’ ಎಂದು ಯೇಸು ಹೇಳಿದೊಡನೆ ಶಿಷ್ಯರು ಗಾಬರಿಯಿಂದ ‘ಕರ್ತನೇ, ನಾನೋ?’ ಎಂದು ಕೇಳುತ್ತಾರೆ. ‘ಕರ್ತನೇ’ ಎಂಬ ಕೂಗು ಆ ಪುಟ್ಟ ವೃಂದಗೀತದಲ್ಲಿ ಹನ್ನೊಂದು ಸಲ ಬರುತ್ತದೆ, ಹಿಡಿದುಕೊಡಲಿದ್ದ ಯೂದನನ್ನು ಬಿಟ್ಟು ಉಳಿದ ಶಿಷ್ಯರಿಗೆ ಒಂದೊಂದರಂತೆ. ಉತ್ತರವನ್ನು ಯೇಸು ಕೊಡುವ ಮೊದಲೇ ನಿಧಾನವಾದ ಒಂದು ಸ್ತೋತ್ರ ಎತ್ತಿಕೊಳ್ಳುತ್ತದೆ: ‘ನಾನೇ, ಶಿಕ್ಷೆ ಅನುಭವಿಸಬೇಕಾದವನು ನಾನೇ.’ ಅದು ಕಥೆಯೊಳಗಿನ ಯಾರ ಮಾತೂ ಅಲ್ಲ, ಕೇಳುತ್ತ ಕುಳಿತ ಸಭೆಯ ಮಾತು. ಈ ಪ್ರಶ್ನೋತ್ತರದ ಅರ್ಥ ತಿಳಿಯದ ಶ್ರೋತೃವಿಗೆ ಗಡಿಬಿಡಿಯ ತುಣುಕೊಂದರ ಹಿಂದೆ ಇಂಪಾದ ತುಣುಕೊಂದು ಬಂದಂತಾಗುತ್ತದೆ, ಅಷ್ಟೇ.

ಆದ್ದರಿಂದ ನನ್ನ ಸಲಹೆ ಇದು: ಹಾಡುವುದು ಜರ್ಮನ್‌ನಲ್ಲಿಯೇ ಇರಲಿ, ಏಕೆಂದರೆ ನಿರೂಪಕನ ಭಾಗದಲ್ಲಿ ಸ್ವರಗಳ ಏರಿಳಿತ ಆ ಭಾಷೆಯ ಒತ್ತನ್ನೇ ಹಿಂಬಾಲಿಸುತ್ತದೆ. ಅನುವಾದ ಮಾತ್ರ ಶ್ರೋತೃವಿನ ಕೈಯಲ್ಲಿ ಅಥವಾ ಪರದೆಯ ಮೇಲೆ, ಸಾಲಿಗೆ ಸಾಲು, ಇರಲೇಬೇಕು. ಮುದ್ರಿಸಿ ಕೊಟ್ಟ ಮೇಲೆ ಸಭಾಂಗಣದ ದೀಪ ಆರಿಸುವ ವಿಚಿತ್ರ ರೂಢಿಯನ್ನು ದಯವಿಟ್ಟು ಬಿಡಬೇಕು. ‘ರಕ್ತದಲ್ಲಿ ತೊಯ್ದ ಶಿರವೇ’ ಎಂಬ ಭಾವದ ಸ್ತೋತ್ರದ ಧಾಟಿ ಕೃತಿಯಲ್ಲಿ ಐದು ಸಲ ಬೇರೆ ಬೇರೆ ಸ್ವರಸಂಯೋಜನೆಯಲ್ಲಿ ಬರುತ್ತದೆ. ಕಾರ್ಯಕ್ರಮದ ಮೊದಲು ಅದನ್ನೊಮ್ಮೆ ಬರೀ ಧಾಟಿಯಾಗಿ ಹಾಡಿ ತೋರಿಸಿದರೆ, ಯೇಸುವಿನ ಮರಣದ ನಂತರ ಅದೇ ಧಾಟಿ ಎಷ್ಟು ವಿವರ್ಣವಾಗಿ ಮರಳುತ್ತದೆಂಬುದು ಯಾರಿಗೂ ಹೊಳೆಯುತ್ತದೆ. ಇನ್ನೊಂದು ಗುರುತನ್ನೂ ಮೊದಲೇ ಹೇಳಿಡಬಹುದು: ಯೇಸುವಿನ ಮಾತಿನ ಸುತ್ತ ತಂತಿವಾದ್ಯಗಳು ಪ್ರಭಾವಳಿಯಂತೆ ಇರುತ್ತವೆ, ‘ಏಲೀ, ಏಲೀ’ (ನನ್ನ ದೇವರೇ, ನನ್ನ ದೇವರೇ) ಎಂಬ ಕಡೆಯ ಕೂಗಿನಲ್ಲಿ ಮಾತ್ರ ಅವು ಇಲ್ಲ. ಮಂಗಳೂರು, ಧಾರವಾಡಗಳ ಪ್ರೊಟೆಸ್ಟಂಟ್ ಸಭೆಗಳಲ್ಲಿ ಬೆಳೆದವರಿಗೆ ಇಂಥ ಕೆಲವು ಧಾಟಿಗಳ ಪರಿಚಯ ಆಗಲೇ ಇರಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಜರ್ಮನ್ ಸ್ತೋತ್ರಗಳ ಧಾಟಿಗೆ ಕನ್ನಡದ ಪದಗಳನ್ನು ಹೊಂದಿಸಿದ್ದರು.

ಪ್ರಶ್ನೆ: ಬಾಖ್‌ನ ‘ಸೇಂಟ್ ಜಾನ್ ಪ್ಯಾಶನ್’ನಲ್ಲಿ ಯೆಹೂದ್ಯರನ್ನು ಕ್ರೂರ ಗುಂಪಾಗಿ ಚಿತ್ರಿಸಲಾಗಿದೆ. ಆ ಮಾತುಗಳನ್ನು ಬದಲಿಸಬೇಡವೇ? (ಮುಂಬಯಿಯ ಓದುಗರು)

ಬದಲಿಸಿ ಹಾಡಿದವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಮಾತುಗಳು ಯೋಹಾನನ ಸುವಾರ್ತೆಯವು, ಅವನ್ನು ಅಳಿಸಿದರೆ ಶ್ರೋತೃವಿಗೆ ಇತಿಹಾಸವನ್ನೇ ಮರೆಮಾಚಿದಂತಾಗುತ್ತದೆ. ಆದರೆ 1724ರಲ್ಲಿ ಹಾಡಿದಂತೆ ಇಂದು ಯಾವ ವಿವರಣೆಯೂ ಇಲ್ಲದೆ ಹಾಡುವುದೂ ಸಾಧ್ಯವಿಲ್ಲ. ಕಾರ್ಯಕ್ರಮದ ಪುಸ್ತಿಕೆಯಲ್ಲಿ ಒಂದು ನೇರವಾದ ಲೇಖನವಿರಲಿ. ಅಪರಾಧದ ಹೊರೆಯನ್ನು ಹಾಡುವವರೇ ಹೊತ್ತುಕೊಳ್ಳುವ ಸ್ತೋತ್ರಗಳೂ ಅದೇ ಕೃತಿಯಲ್ಲಿವೆ ಎಂಬುದನ್ನು ಅದರಲ್ಲಿ ತೋರಿಸಬಹುದು.

ಪ್ರಶ್ನೆ: ‘ಮೆಸಾಯ’ದಲ್ಲಿ ‘ಹಲ್ಲೆಲೂಯ’ ವೃಂದಗೀತ ಬಂದಾಗ ಎದ್ದು ನಿಲ್ಲಬೇಕೇ? (ಉಡುಪಿಯ ಓದುಗರು)

ಅದನ್ನು ಕೇಳಿ ಇಂಗ್ಲೆಂಡಿನ ಎರಡನೆಯ ಜಾರ್ಜ್ ದೊರೆ ಎದ್ದು ನಿಂತನೆಂಬ ಕಥೆಗೆ ಆ ಕಾಲದ ಪುರಾವೆಯಿಲ್ಲ. ನಿಂತರೂ ನಡೆಯುತ್ತದೆ, ಕೂತರೂ ನಡೆಯುತ್ತದೆ. ಹಿಂದಿನ ಸಾಲಿನವರಿಗೆ ವೇದಿಕೆ ಕಾಣುವಂತಿರಲಿ.

ಪ್ರಶ್ನೆ: ನಮ್ಮದು ಹದಿನೈದು ಮಂದಿಯ ಹವ್ಯಾಸಿ ತಂಡ, ಗಂಡಸರು ಮೂವರೇ. ಯಾವ ಬರೋಕ್ ಕೃತಿಯಿಂದ ಆರಂಭಿಸಬಹುದು? (ಮಂಗಳೂರಿನ ಓದುಗರು)

ವಿವಾಲ್ಡಿಯ ‘ಗ್ಲೋರಿಯಾ’. ಅರ್ಧ ಗಂಟೆಯ ಆಸುಪಾಸಿನ ಕೃತಿ, ಲ್ಯಾಟಿನ್ ಉಚ್ಚಾರಣೆ ನಮ್ಮವರಿಗೆ ಕಷ್ಟವಲ್ಲ. ವಿವಾಲ್ಡಿ ದುಡಿಯುತ್ತಿದ್ದ ವೆನಿಸ್‌ನ ಪಿಯೆತಾ ಅನಾಥಾಲಯದಲ್ಲಿ ಟೆನರ್, ಬಾಸ್ ಎಂಬ ತಗ್ಗಿನ ಗಂಡುಕಂಠದ ಭಾಗಗಳನ್ನೂ ಹೆಣ್ಣುಮಕ್ಕಳೇ ಹಾಡುತ್ತಿದ್ದರು. ಹಾಗಾಗಿ ಗಂಡಸರ ಕೊರತೆಗಾಗಿ ನೀವು ಸಂಕೋಚಪಡಬೇಕಿಲ್ಲ. ತಗ್ಗಿನ ಕಂಠದ ಇಬ್ಬರು ಹೆಂಗಸರನ್ನು ಟೆನರ್ ಸಾಲಿಗೆ ಸೇರಿಸಿಕೊಳ್ಳಿ. ತಂತಿವಾದ್ಯಗಳ ಜೊತೆಗೆ ಒಂದು ಓಬೋ, ಒಂದು ಟ್ರಂಪೆಟ್ ಬೇಕು. ಓಬೋ ಸಿಗದಿದ್ದರೆ ಅದು ಜೊತೆಗೂಡುವ ಏಕಗೀತಕ್ಕೆ ಪಿಟೀಲು ಸಾಕು. ಮೊದಲ ಅಭ್ಯಾಸಕ್ಕೆ ಎರಡನೆಯ ಗೀತವನ್ನು ಹಿಡಿಯಿರಿ: ಅದು ನಿಧಾನದ್ದು, ನಾಲ್ಕು ಭಾಗಗಳೂ ಒಂದನ್ನೊಂದು ಆಲಿಸದೆ ಮುಂದೆ ಹೋಗುವಂತಿಲ್ಲ.