ಮಡಿಕೇರಿಯ ಪಿನ್‌ಕೋಡ್ ಎರಡು ಸಲ ಬರೆದರೆ

ಮಡಿಕೇರಿಯ ಓದುಗರೊಬ್ಬರ ಪತ್ರ: "ಪಾರ್ಸೆಲ್ ಚೀಟಿಯಲ್ಲಿ ನಮ್ಮ ಪಿನ್‌ಕೋಡ್ ಎರಡು ಸಲ ಅಚ್ಚಾಗಿ 571201571201 ಅಂತ ಬಂದಿತ್ತು. ಮಗಳು 2, 3, 5, 7, 11, 13ರಿಂದ ಭಾಗಿಸಿ ನೋಡಿದಳು, ಯಾವುದರಿಂದಲೂ ಹೋಗಲಿಲ್ಲ. ಇದು ಅವಿಭಾಜ್ಯ ಸಂಖ್ಯೆಯೇ? ಮೂರು ಸಲ ಅಚ್ಚಾಗಿದ್ದರೆ?"

ಸಂಪಾದಕರ ಉತ್ತರ:

ಸರ್, ಮಗಳು ಹಿಡಿದ ದಾರಿ ಸರಿಯಾಗಿಯೇ ಇದೆ, 13ಕ್ಕೆ ನಿಲ್ಲಿಸಿದಳು ಅಷ್ಟೇ. 101ರವರೆಗೆ ಹೋಗಿದ್ದರೆ ಸಿಕ್ಕಿಬಿಡುತ್ತಿತ್ತು. ಹಾಗಾಗಿ ಇದು ಅವಿಭಾಜ್ಯ ಅಲ್ಲ.

ಕಾರಣ ಚೆನ್ನಾಗಿದೆ, ಕೇಳಿ. ಆರಂಕಿಯ ಸಂಖ್ಯೆಯನ್ನು ಎರಡು ಸಲ ಒತ್ತಾಗಿ ಬರೆಯುವುದು ಅಂದರೆ ಅದನ್ನು 1000001ರಿಂದ ಗುಣಿಸಿದ ಹಾಗೆ: ಹತ್ತು ಲಕ್ಷದ ಪಾಲು ಎಡಕ್ಕೆ ಹೋಗಿ ಕೂರುತ್ತದೆ, ಒಂದರ ಪಾಲು ಬಲಕ್ಕೆ. ಈ 1000001 ಒಡೆಯುತ್ತದೆ. 9901ನ್ನು ನೂರರಿಂದ ಗುಣಿಸಿ, 990100 ಬರುತ್ತದೆ, ಅದಕ್ಕೆ ಇನ್ನೊಂದು 9901 ಕೂಡಿಸಿ, ಸರಿಯಾಗಿ 1000001. ಅಂದರೆ 101 × 9901. ವಿರಾಜಪೇಟೆಯ 571218 ಬರೆದರೂ ಅಷ್ಟೇ, ಕುಶಾಲನಗರದ 571234 ಬರೆದರೂ ಅಷ್ಟೇ, ಎರಡು ಸಲ ಬರೆದ ಕೂಡಲೇ 101 ಒಳಗೆ ಬಂದು ಸೇರಿಕೊಳ್ಳುತ್ತದೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು 571201. ಭಾನುವಾರ ಸಂಜೆ ಜೋರು ಮಳೆ, ಕರೆಂಟ್ ಇಲ್ಲ, ಹಳೇ ಪ್ರೂಫ್ ಹಾಳೆಯ ಹಿಂಭಾಗದಲ್ಲಿ ಪೆನ್ಸಿಲ್ ಹಿಡಿದು ಶುರು ಮಾಡಿದೆ. 7ರಿಂದ ಭಾಗಿಸಿದರೆ ಶೇಷ 1. 8ರಿಂದಲೂ 1. ಹಿಂದಕ್ಕೆ ಹೋಗಿ 2, 3, 4, 5, 6 ನೋಡಿದರೆ ಎಲ್ಲದಕ್ಕೂ ಶೇಷ 1! ಯಾಕೆಂದರೆ ಪಕ್ಕದ 571200 ಇವೆಲ್ಲದರಿಂದಲೂ ಪೂರ್ತಿ ಹೋಗುತ್ತದೆ. 756ರ ವರ್ಗ 571536, ನಮ್ಮ ಸಂಖ್ಯೆಗಿಂತ ಜಾಸ್ತಿ, ಆದ್ದರಿಂದ 755ರ ಒಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಅವೇ 133 ಇವೆ. 71ರಲ್ಲಿ 6 ಉಳಿಯಿತು. 239ಕ್ಕೆ ಬಂದಾಗ ಸಿಕ್ಕೇಬಿಟ್ಟಿತು ಅಂದುಕೊಂಡೆ, ಗುಣಿಸಿ ನೋಡಿದರೆ 239 × 2390 ಅಂದರೆ 571210, ಬರೀ 9 ಜಾಸ್ತಿ. 607ರಲ್ಲಿ 14 ಉಳಿಯಿತು. ಕೊನೆಯ 751ನ್ನೂ ದಾಟಿದೆ, ಯಾವುದೂ ಭಾಗಿಸಲಿಲ್ಲ.

ಅಂದರೆ ನಿಮ್ಮ ಮಡಿಕೇರಿಯ ಪಿನ್‌ಕೋಡೇ ಅವಿಭಾಜ್ಯ ಸಂಖ್ಯೆ! ಇಷ್ಟು ವರ್ಷ ವಿಳಾಸದಲ್ಲಿ ಬರೆಯುತ್ತಿದ್ದೇನೆ, ಗೊತ್ತೇ ಇರಲಿಲ್ಲ. ಹಾಳೆಯ ಮೇಲೆ ಅದಕ್ಕೊಂದು ಗೆರೆ ಎಳೆದು ಸುಮ್ನೆ ನೋಡುತ್ತಾ ಕುಳಿತೆ. 101, 9901 ಕೂಡ ಅವಿಭಾಜ್ಯಗಳೇ, ಹಾಗಾಗಿ ನಿಮ್ಮ ಚೀಟಿಯ 57 ಸಾವಿರ ಕೋಟಿ ದಾಟಿದ ಸಂಖ್ಯೆ ಮೂರೇ ತುಂಡು: 101 × 9901 × 571201. 1 ಮತ್ತು ಅದನ್ನೂ ಸೇರಿಸಿದರೆ ಭಾಜಕಗಳು ಒಟ್ಟು 8 ಮಾತ್ರ. ಮಗಳಿಗೆ ಕೊಡಿ, ಎಂಟನ್ನೂ ಅವಳೇ ಬರೆಯಲಿ.

ಮೂರು ಸಲ ಬರೆದರೆ 1000001000001ರಿಂದ ಗುಣಿಸಿದಂತೆ. ಅದರ ಅಂಕೆಗಳನ್ನು ಕೂಡಿಸಿ ನೋಡಿ, 3. ಆಗ ಮಗಳಿಗೆ 101ರವರೆಗೆ ಹೋಗುವ ಕೆಲಸವೇ ಇಲ್ಲ, ಎರಡನೇ ಭಾಗಾಕಾರದಲ್ಲೇ ಮುಗಿಯುತ್ತದೆ.