ಚಿಕ್ಕ ತೂಕದ ಚಾಂಪಿಯನ್ ಹೆವಿವೇಟ್‌ನಲ್ಲಿ ಎಷ್ಟು ಕಾಲ ನಿಲ್ಲಬಹುದು?

ಪ್ರಶ್ನೆ: ಅಮೆರಿಕದ ಬಾಕ್ಸರ್ ರಾಯ್ ಜೋನ್ಸ್ ಜೂನಿಯರ್ 2003ರಲ್ಲಿ ಹೆವಿವೇಟ್ ಬೆಲ್ಟ್ (ವಿಶ್ವ ಪ್ರಶಸ್ತಿ) ಗೆದ್ದರು. ಆದರೆ ಅದೇ ವರ್ಷ ತಮ್ಮ ಹಳೇ ಲೈಟ್ ಹೆವಿವೇಟ್ ತೂಕಕ್ಕೆ ವಾಪಸ್ ಬಂದುಬಿಟ್ಟರು. ಉಕ್ರೇನಿನ ಉಸಿಕ್ ಕೂಡ ಕೆಳಗಿನಿಂದಲೇ ಬಂದವರು, ಅವರು ಮಾತ್ರ ಅಲ್ಲೇ ಬೇರೂರಿದ್ದಾರೆ. ಚಿಕ್ಕ ತೂಕದ ಚಾಂಪಿಯನ್ ದೊಡ್ಡವರ ನಡುವೆ ವರ್ಷಗಟ್ಟಲೆ ನಿಲ್ಲಲು ಸಾಧ್ಯವೇ? ಜೋನ್ಸ್ ಅಲ್ಲೇ ಉಳಿದಿದ್ದರೆ ಏನಾಗುತ್ತಿತ್ತು?

ಉತ್ತರ: ಸಾಧ್ಯ ಇದೆ. ಆದರೆ ಅವರು ಯಾವ ತೂಕದಿಂದ ಬಂದವರು ಅನ್ನೋದನ್ನು ಮೊದಲು ನೋಡಬೇಕು. ಲೈಟ್ ಹೆವಿವೇಟ್‌ನ ಮಿತಿ ಸುಮಾರು 79 ಕೆಜಿ. ಕ್ರೂಸರ್‌ವೇಟ್‌ನದು ಈಗ ಸುಮಾರು 91 ಕೆಜಿ. ಹೆವಿವೇಟ್‌ಗೆ ಮೇಲಿನ ಮಿತಿಯೇ ಇಲ್ಲ. 79ರಿಂದ ಹತ್ತಿದವರು ಒಂದೆರಡು ಒಳ್ಳೆಯ ರಾತ್ರಿ ಕಂಡಿದ್ದಾರೆ. ಮೈಕಲ್ ಸ್ಪಿಂಕ್ಸ್ 1985ರಲ್ಲಿ ಹೆವಿವೇಟ್ ಚಾಂಪಿಯನ್ ಲ್ಯಾರಿ ಹೋಮ್ಸ್ ಅವರನ್ನು ಸೋಲಿಸಿದರು, ಮರುವರ್ಷ ಮತ್ತೆ ಸೋಲಿಸಿದರು. 1988ರಲ್ಲಿ ಟೈಸನ್ ಎದುರು 91 ಸೆಕೆಂಡ್‌ನಲ್ಲಿ ಎಲ್ಲ ಮುಗಿಯಿತು.

ದೊಡ್ಡವರ ಹೊಡೆತವೇ ಅಪಾಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಭಾರ. ಹತ್ತಿರ ಬಂದಾಗ ಕೈ ಸುತ್ತಿ ಹಿಡಿದು, ಕತ್ತಿನ ಮೇಲೆ ಮೈಭಾರ ಹಾಕುತ್ತಾರೆ. ಆರು ರೌಂಡ್ ಹಾಗೆ ಭಾರ ಹೊತ್ತರೆ ಚಿಕ್ಕವನ ಕಾಲು ಸೋಲುತ್ತದೆ. ಕಾಲೇ ಅವನ ಆಸ್ತಿ ಅಲ್ವಾ? ಕಾಲು ನಿಂತರೆ ಅವನು ಬರೀ ಹಗುರ ಮನುಷ್ಯ, ಅಷ್ಟೇ.

ಹಾಗಂತ ಮಾಂಸ ತುಂಬಿಕೊಂಡರೂ ಕಷ್ಟ. ಉಸಿರು ಬೇಗ ಹೋಗುತ್ತದೆ. ಇಲ್ಲಿ ಉಸಿಕ್ ಅವರ ಲೆಕ್ಕಾಚಾರ ನೋಡಬೇಕು. 2018ರಲ್ಲಿ ಮಾಸ್ಕೋದಲ್ಲಿ ಗಾಸಿಯೇವ್ ಅವರನ್ನು ಸೋಲಿಸಿ ಕ್ರೂಸರ್‌ವೇಟ್‌ನ ನಾಲ್ಕೂ ಸಂಸ್ಥೆಗಳ ಬೆಲ್ಟ್ ಒಟ್ಟು ಮಾಡಿದರು. 2019ರ ಮೊದಲ ಹೆವಿವೇಟ್ ಫೈಟ್‌ಗೆ ತೂಗಿದ್ದು 97.5 ಕೆಜಿ. 2021ರಲ್ಲಿ ಬ್ರಿಟನ್ನಿನ ಜೋಶುವಾ ಎದುರು 100. 2024ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನವರೇ ಆದ ಫ್ಯೂರಿ ಜೊತೆಗಿನ ಎರಡನೇ ಫೈಟ್‌ನಲ್ಲಿ 102.5. ಐದು ವರ್ಷದಲ್ಲಿ ಸೇರಿಸಿದ್ದು ಬರೀ 5 ಕೆಜಿ! ಆ ರಾತ್ರಿ ಫ್ಯೂರಿ ತೂಕ 127ರ ಮೇಲಿತ್ತು. ಆದರೂ ಮೂವರು ತೀರ್ಪುಗಾರರೂ 116–112 ಅಂತ ಉಸಿಕ್‌ಗೇ ಕೊಟ್ಟರು. ಕಾಲು ಒಂದೇ ಕಡೆ ನಿಲ್ಲುವುದಿಲ್ಲ, ಎಡಗೈ ಬಾಕ್ಸರ್ ಬೇರೆ. ಭಾರ ಹಾಕಲು ಬಂದವರಿಗೆ ಅವರು ಸಿಗುವುದೇ ಇಲ್ಲ. ಮೊದಲ ಫ್ಯೂರಿ ಫೈಟ್‌ನ ಒಂಬತ್ತನೇ ರೌಂಡ್ ಇನ್ನೊಮ್ಮೆ ಹಾಕಿ ನೋಡಿ. ಅಷ್ಟು ದೊಡ್ಡ ಮನುಷ್ಯ ಹಗ್ಗಕ್ಕೆ ಬಿದ್ದು ರೆಫರಿಯ ಎಣಿಕೆ ತೆಗೆದುಕೊಂಡದ್ದು ದಣಿವಿನ ಹೊತ್ತಿನಲ್ಲಿ. ಉಸಿಕ್ ಮಾತ್ರ ಆಗಲೂ ಹೆಜ್ಜೆ ಹಾಕುತ್ತಲೇ ಇದ್ದರು.

ಇನ್ನೊಂದು ಮಾತು ಮರೆಯಬಾರದು. ಉಸಿಕ್ ಎತ್ತರ 191 ಸೆಂ.ಮೀ. ಅವರು 'ಚಿಕ್ಕವರು' ಅನ್ನುವುದು ಫ್ಯೂರಿ ಪಕ್ಕದಲ್ಲಿ ನಿಂತಾಗ ಮಾತ್ರ. ಅಮೆರಿಕದ ಹೋಲಿಫೀಲ್ಡ್ ಕೂಡ 189 ಸೆಂ.ಮೀ. ಅವರು 1988ರಲ್ಲಿ ಕ್ರೂಸರ್‌ವೇಟ್ ಬಿಟ್ಟು ಬಂದವರು. 1990ರಲ್ಲಿ ಡಗ್ಲಸ್ ಅವರನ್ನು ಮೂರನೇ ರೌಂಡ್‌ನಲ್ಲಿ ಕೆಡವಿ ಚಾಂಪಿಯನ್ ಆದರು. 2000ದಲ್ಲಿ ನಾಲ್ಕನೇ ಸಲ ಬೆಲ್ಟ್ ಕಟ್ಟಿದರು. ಆದರೆ ಅದಕ್ಕೆ ಅವರ ಮೈ ಕೊಟ್ಟ ಬೆಲೆ ದೊಡ್ಡದು. 1992ರಲ್ಲಿ ತಮಗಿಂತ 13 ಕೆಜಿ ಜಾಸ್ತಿ ಇದ್ದ ಬೋವ್ ಜೊತೆ ಹಿಂದೆ ಸರಿಯದೆ ಹೊಡೆದಾಡಿ ಸೋತರು. ಅವರ ಧೈರ್ಯ ನನಗೆ ತುಂಬಾ ಇಷ್ಟ. ಆದರೆ ಯಾವ ಹುಡುಗನಿಗೂ ಆ ದಾರಿ ಹಿಡಿ ಅಂತ ನಾನು ಹೇಳಲಾರೆ.

ಈಗ ಜೋನ್ಸ್ ವಿಷಯ. ಎತ್ತರ 180 ಸೆಂ.ಮೀ, ಲೈಟ್ ಹೆವಿವೇಟ್‌ಗಿಂತಲೂ ಕೆಳಗಿನ ಮಿಡಲ್‌ವೇಟ್‌ನಿಂದ ಮೇಲೆ ಬಂದವರು. ಹೆವಿವೇಟ್ ಬೆಲ್ಟ್ ಗೆದ್ದ ರಾತ್ರಿ ಲಾಸ್ ವೇಗಸ್‌ನಲ್ಲಿ 87.5 ಕೆಜಿ ತೂಗಿ, 102.5 ಕೆಜಿಯ ಚಾಂಪಿಯನ್ ರೂಯಿಸ್ ಅವರನ್ನು ವೇಗದಿಂದಲೇ ಸೋಲಿಸಿದರು. ಎದುರಾಳಿಯ ಆಯ್ಕೆಯೂ ಜಾಣತನದ್ದು. ರೂಯಿಸ್ ಜಾಬ್ (ಮುಂದಿನ ಕೈಯ ನೇರ ಹೊಡೆತ) ನಂಬಿದ ಎತ್ತರದ ಬಾಕ್ಸರ್ ಅಲ್ಲ. ಆಗ ಅದೇ ವಿಭಾಗದಲ್ಲಿ 196 ಸೆಂ.ಮೀ ಲೂಯಿಸ್ ಇದ್ದರು, ಕ್ಲಿಚ್ಕೊ ಸಹೋದರರಿದ್ದರು. ಅವರ ಜಾಬ್ ದಾಟಿ ಒಳಗೆ ಹೋಗುವಷ್ಟರಲ್ಲೇ 34 ವರ್ಷದ ಜೋನ್ಸ್ ಸುಸ್ತಾಗುತ್ತಿದ್ದರು ಅನ್ನೋದು ನನ್ನ ಅಂದಾಜು. ಇನ್ನೊಂದೆರಡು ಆಯ್ದ ಫೈಟ್ ಗೆಲ್ಲುತ್ತಿದ್ದರೇನೋ.

ಆದರೆ ಅವರು ವಾಪಸ್ ಇಳಿದದ್ದೇ ಹೆಚ್ಚು ಕೆಟ್ಟದಾಯಿತು. ಎಂಟೇ ತಿಂಗಳಲ್ಲಿ ಎಂಟು ಕೆಜಿ ಇಳಿಸಿ, ಲೈಟ್ ಹೆವಿವೇಟ್‌ನ ಟಾರ್ವರ್ ಎದುರು ಕಷ್ಟಪಟ್ಟು ಗೆದ್ದರು. 2004ರ ಮೇನಲ್ಲಿ ಅದೇ ಟಾರ್ವರ್ ಎರಡನೇ ರೌಂಡ್‌ನಲ್ಲಿ ನಾಕೌಟ್ ಮಾಡಿದರು. ಸೆಪ್ಟೆಂಬರ್‌ನಲ್ಲಿ ಗ್ಲೆನ್ ಜಾನ್ಸನ್ ಕೈಯಲ್ಲೂ ಅದೇ ಆಯಿತು. ವಯಸ್ಸಿನ ಪಾಲೂ ಇತ್ತು, ನಿಜ. ಆದರೂ ಹೆವಿವೇಟ್ ಬೆಲ್ಟ್ ಸೊಂಟದಲ್ಲಿದ್ದಾಗಲೇ ಅವರು ಗ್ಲೌಸ್ ತೂಗುಹಾಕಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.