‘ಡಾಕ್ಟರ್ ಹೂ’ ಧಾರಾವಾಹಿಗೆ ಮೂರು ‘ಮೊದಲ ಸೀಸನ್’ ಇರುವುದೇಕೆ?

ಯಾದಗಿರಿಯಿಂದ ಕಲಬುರಗಿಯ ಕಾಲೇಜಿಗೆ ದಿನವೂ ರೈಲಿನಲ್ಲಿ ಬರುತ್ತೇನೆ ಎಂದಿದ್ದೀರಿ. ‘ಡಾಕ್ಟರ್ ಹೂ’ ಎಂದು ಹುಡುಕಿದರೆ ಮೂರು ‘ಮೊದಲ ಸೀಸನ್’ ಸಿಗುತ್ತವೆ, ಯಾವುದರಿಂದ ಶುರು ಮಾಡಲಿ ಎಂಬುದು ನಿಮ್ಮ ಪ್ರಶ್ನೆ.

ಮೂರೂ ಅಸಲಿಯೇ. ‘ಡಾಕ್ಟರ್’ ಎಂಬ ಅನ್ಯಗ್ರಹದ ಕಾಲಯಾನಿಯ ಕಥೆ ಹೇಳುವ ಈ ಧಾರಾವಾಹಿಯನ್ನು 1963ರಲ್ಲಿ ಬ್ರಿಟನ್ನಿನ ಬಿಬಿಸಿ ಆರಂಭಿಸಿತು. 1989ರಲ್ಲಿ ನಿಂತದ್ದು 2005ರಲ್ಲಿ ಮತ್ತೆ ಬಂದಾಗ ಎಣಿಕೆ ಒಂದಕ್ಕೆ ಇಳಿಯಿತು. ಡಿಸ್ನಿ ಜೊತೆಗೂಡಿದ ಮೇಲೆ 2024ರಲ್ಲಿ ಇನ್ನೊಮ್ಮೆ ಇಳಿಯಿತು. ಕಥೆ ಮಾತ್ರ ಒಂದೇ, ಮುಂದುವರಿಯುತ್ತಲೇ ಇದೆ. ನೀವು 2005ರದನ್ನು ಹಿಡಿಯಿರಿ. ಹೊಸಬರಿಗೆಂದೇ ಬರೆದ ಆರಂಭ ಅದು.

1963ರಿಂದ ಒಂದೂ ಬಿಡದೆ ನೋಡುತ್ತೇನೆಂಬ ಹಟವಿದ್ದರೆ ಈಗಲೇ ಬಿಟ್ಟುಬಿಡಿ, ಅದು ಆಗದ ಮಾತು. ಬಿಬಿಸಿ ಹಳೆಯ ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಗಳಿಗೆ ಬಳಸುತ್ತಿತ್ತು. ಅರವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹಾಗೆ ಹೋದವು. ಒಂಬತ್ತು ಕಂತುಗಳು ನೈಜೀರಿಯಾದ ಜೋಸ್ ನಗರದಲ್ಲಿ ಸಿಕ್ಕಿದ ಸುದ್ದಿ 2013ರಲ್ಲಿ ಹೊರಬಂತು. ಆದರೂ ಕಳೆದುಹೋದ ಎಲ್ಲ ಕಂತುಗಳ ಧ್ವನಿ ಉಳಿದಿದೆ. ಟಿವಿಯ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತ ಅಭಿಮಾನಿಗಳ ಪುಣ್ಯ ಅದು. ಆ ಧ್ವನಿಗೆ ಈಗ ಅನಿಮೇಷನ್ ಜೋಡಿಸಿ ಕೆಲವನ್ನು ಬಿಡುಗಡೆ ಮಾಡಿದ್ದಾರೆ. ಮೊದಲ ಕಥೆಯಾದರೋ ಉಳಿದಿದೆ, ಅದನ್ನು ಮಾತ್ರ ನೋಡಿ. ಅದರ ನಿರ್ದೇಶಕ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಖನೌದಲ್ಲಿ.

ಬಿಡುಗಡೆಯ ಪಟ್ಟಿ ಹಾಕುವವರು 1989ರಿಂದ ನೇರ 2005ಕ್ಕೆ ಜಿಗಿಯುತ್ತಾರೆ. ನಡುವೆ 1996ರ ಟಿವಿ ಚಿತ್ರವೊಂದನ್ನು ನೆಪಕ್ಕೆ ಸೇರಿಸುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಟಿವಿ ಕೈಬಿಟ್ಟ ಆ ಕಾಲದಲ್ಲಿ ಕಥೆ ಪುಸ್ತಕಗಳಲ್ಲಿ ಬದುಕಿತ್ತು. 1991ರಿಂದ ವರ್ಜಿನ್ ಪ್ರಕಾಶನ ಹೊಸ ಕಾದಂಬರಿಗಳನ್ನು ತಂದಿತು. ರಸೆಲ್ ಟಿ. ಡೇವಿಸ್ 1996ರಲ್ಲಿ ಅವುಗಳಲ್ಲೊಂದನ್ನು ಬರೆದರು, 2005ರಲ್ಲಿ ಧಾರಾವಾಹಿಗೆ ಮರುಜೀವ ಕೊಟ್ಟವರೂ ಅವರೇ. ಪಾಲ್ ಕಾರ್ನೆಲ್ 1995ರಲ್ಲಿ ಬರೆದ ‘ಹ್ಯೂಮನ್ ನೇಚರ್’ ಕಾದಂಬರಿಯನ್ನು 2007ರಲ್ಲಿ ತಾವೇ ಟಿವಿಗೆ ಅಳವಡಿಸಿದರು. ಡಾಕ್ಟರ್ ತಾನು ಯಾರೆಂಬುದನ್ನೇ ಮರೆತು ಶಾಲಾ ಮೇಷ್ಟ್ರಾಗಿ ಬದುಕುವ ಆ ಕಥೆಯನ್ನು ಮೀರಿಸಿದ್ದು ಇಡೀ ಸರಣಿಯಲ್ಲಿ ಕಡಿಮೆ.

1999ರಿಂದ ಬಿಗ್ ಫಿನಿಶ್ ಸಂಸ್ಥೆ ಹಳೆಯ ನಟರನ್ನೇ ಕರೆತಂದು ಧ್ವನಿನಾಟಕಗಳನ್ನು ಮಾಡತೊಡಗಿತು. ನಿಮಗೆ ನಾನು ಒತ್ತಿ ಹೇಳುವುದು ಇವುಗಳನ್ನೇ. ಹೆಚ್ಚಿನವು ನಾಲ್ಕು ಭಾಗಗಳು, ಒಂದೊಂದು ಸುಮಾರು ಇಪ್ಪತ್ತೈದು ನಿಮಿಷ. ವಾಡಿ ಜಂಕ್ಷನ್‌ನಲ್ಲಿ ರೈಲು ಸಿಗ್ನಲ್ ಕಾಯುತ್ತ ನಿಂತರೂ ಬೇಸರವಾಗದು, ಮೊಬೈಲ್ ನೆಟ್‌ವರ್ಕ್ ಹೋದರೂ ಚಿಂತೆಯಿಲ್ಲ, ಮೊದಲೇ ಇಳಿಸಿಕೊಂಡಿದ್ದರೆ ಸಾಕು. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಹೊರಗೆ ಕಾಲಿಡಲಾಗದಿದ್ದಾಗ ಕಿಟಕಿ ಮುಚ್ಚಿ ನಾನು ಕೇಳುವುದೂ ಇವನ್ನೇ. 2003ರ ‘ಜುಬಿಲಿ’ಯಿಂದ ಶುರು ಮಾಡಿ. ಅದರ ಲೇಖಕ ರಾಬರ್ಟ್ ಶಿಯರ್‌ಮನ್ ಅದೇ ಎಳೆಯನ್ನು ಹಿಡಿದು 2005ರ ‘ಡಾಲೆಕ್’ ಕಂತನ್ನು ಬರೆದರು (ಡಾಲೆಕ್‌ಗಳು ಡಾಕ್ಟರ್‌ನ ಹಳೆಯ ಶತ್ರುಗಳು). ಆ ಕಂತನ್ನು ನೋಡಿದ ಮೇಲೆ ನಾಟಕ ಕೇಳಿದರೆ ಇನ್ನೂ ಚೆನ್ನ.

1965 ಮತ್ತು 1966ರಲ್ಲಿ ಪೀಟರ್ ಕುಶಿಂಗ್ ನಟಿಸಿದ ಎರಡು ಬಣ್ಣದ ಚಿತ್ರಗಳೂ ನಿಮಗೆ ಎದುರಾಗುತ್ತವೆ. ಅವುಗಳಲ್ಲಿ ಡಾಕ್ಟರ್ ಅನ್ಯಗ್ರಹದವನಲ್ಲ, ಭೂಮಿಯ ಮೇಲಿನ ಒಬ್ಬ ಸಂಶೋಧಕ. ಕ್ರಮದಲ್ಲಿ ಅವಕ್ಕೆ ಜಾಗ ಹುಡುಕಲು ಹೋಗಬೇಡಿ, ರಜೆಯಲ್ಲಿ ಯಾವಾಗ ಬೇಕಾದರೂ ನೋಡಿ.